ಜಗಳೂರಿಗೆ ಹಾಕಿದ ಅರ್ಜಿ

ಅನುಮಾನಪಡುವುದು ತಪ್ಪು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅನುಮಾನ ಎಲ್ಲರಿಗೂ ಬರುತ್ತದೆ. ಬೆಳಿಗ್ಗೆ ಬಂದದ್ದು, ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದರೆ, ತಾನಾಗಿಯೇ ಹೊರಟುಹೋಗುತ್ತದೆ. ಆದರೆ ಅನುಮಾನ ಪಡುವ ಸ್ವಭಾವ, ದಿನಚರಿ ಬರೆಯುವ ಅಭ್ಯಾಸ ಇವೆರಡೂ ಒಬ್ಬನೇ ಮನುಷ್ಯನಲ್ಲಿ ಬಂದು ಸೇರಿಕೊಂಡರೆ ಕಷ್ಟ. ಬರೆದಿಟ್ಟ ಅನುಮಾನ ಊಟಕ್ಕೆ ಜಗ್ಗುವುದಿಲ್ಲ. ಅದಕ್ಕೆ ತಾರೀಖು ಇರುತ್ತದೆ, ವಾರ ಇರುತ್ತದೆ, ಎಡಗಡೆ ಕ್ರಮಸಂಖ್ಯೆ ಇರುತ್ತದೆ. ತಿಂಗಳ ಕೊನೆಯಲ್ಲಿ ಕೂಡಿದರೆ ಮೊತ್ತವೂ ಬರುತ್ತದೆ. ಮೊತ್ತ ಬಂದ ಮೇಲೆ ಅದನ್ನು ಅನುಮಾನ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಸತ್ಯ ಎಂದೇ ಕರೆಯಬೇಕಾಗುತ್ತದೆ. ನಾನು ಬಹಳ ಕಾಲ ಹಾಗೆಯೇ ಕರೆದುಕೊಂಡು ಬಂದವನು.

ನನ್ನ ದಿನಚರಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ದಪ್ಪ ರಟ್ಟಿನ ಉದ್ದ ನೋಟುಪುಸ್ತಕ ತಂದು, ಪ್ರತಿ ಪುಟಕ್ಕೂ ಸ್ಕೇಲು ಇಟ್ಟು ಐದು ಗೆರೆ ಎಳೆದುಕೊಳ್ಳುತ್ತೇನೆ. ಮನಸ್ಸಿನಲ್ಲಿ ಬಂದ ಭಾವನೆಗಳನ್ನು ಪುಟಗಟ್ಟಲೆ ಬರೆಯುವವರೂ ಇದ್ದಾರೆ. ನನ್ನ ಭಾವನೆಗಳೆಲ್ಲ ಒಂದೂವರೆ ಅಂಗುಲ ಅಗಲದ ಕಲಮಿನಲ್ಲಿ ಹಿಡಿಸುತ್ತವೆ. ಸವಳಂಗದ ಬಸ್ಸು ತಿಂಗಳಲ್ಲಿ ಎಷ್ಟು ದಿನ ತಡವಾಯಿತು, ರಜೆ ಕೇಳಿದಾಗ ನಮ್ಮ ಸಾಹೇಬರು ಒಮ್ಮೆ ಕೆಮ್ಮಿದರೋ ಎರಡು ಸಲ ಕೆಮ್ಮಿದರೋ, ಎಲ್ಲವೂ ಅದರಲ್ಲಿದೆ. ಒಮ್ಮೆ ಕೆಮ್ಮಿದರೆ ರಜೆ ಉಂಟು, ಎರಡು ಸಲ ಕೆಮ್ಮಿದರೆ ನಾಳೆ ಬಾ ಎಂದು ಅರ್ಥ. ಇದನ್ನು ಕಂಡುಹಿಡಿಯಲು ನನಗೆ ಹತ್ತು ತಿಂಗಳು ಬೇಕಾಯಿತು. ಅವರಿಗೆ ಗೂರಲು ಬರುತ್ತದೆ ಎಂದು ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ನೌಕರಿ ಸಿಕ್ಕ ಹೊಸತರಲ್ಲಿ ನ್ಯಾಮತಿಯಲ್ಲಿದ್ದೆ. ರೇಷ್ಮೆ ಇಲಾಖೆಯವರೊಬ್ಬರು ಮತ್ತು ನಾನು ಸೇರಿ ಒಂದು ಕೋಣೆ ಮಾಡಿಕೊಂಡಿದ್ದೆವು. ನನ್ನ ಕೊಬ್ಬರಿ ಎಣ್ಣೆ ಬೇಗ ಬೇಗ ಮುಗಿಯುತ್ತಿದೆ ಎಂದು ಅನ್ನಿಸತೊಡಗಿತು. ಶೀಸೆಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಗುರುತು ಹಾಕಿ, ಬೆಳಿಗ್ಗೆ ಸಂಜೆ ಶೀಸೆಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಓರೆ ಮಾಡಿ ನೋಡುತ್ತಿದ್ದೆ. ನೋಡಿದಷ್ಟೂ ಎಣ್ಣೆ ಇಳಿಯುತ್ತಿತ್ತು. ಹನ್ನೊಂದನೆಯ ದಿನ ಎರಡು ಸಂಗತಿಗಳು ಒಟ್ಟಿಗೇ ಹೊಳೆದವು. ಒಂದು, ಬಿರಡೆ ಸಡಿಲವಾಗಿದ್ದರಿಂದ ನಾನು ಓರೆ ಮಾಡಿದಾಗಲೆಲ್ಲ ಎಣ್ಣೆ ನನ್ನ ಮುಂಗೈಗೇ ಸೋರುತ್ತಿತ್ತು. ಎರಡು, ಆ ಮನುಷ್ಯನ ತಲೆಯಲ್ಲಿ ಎಣ್ಣೆ ಹಚ್ಚುವಂಥ ಕೂದಲೇ ಇರಲಿಲ್ಲ. ಇಂಥ ಅನುಭವವಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಪಟ್ಟಿ ಮಾಡುವುದನ್ನು ಬಿಡುತ್ತಿದ್ದರು. ನಾನು ಶೀಸೆಯನ್ನು ಬಿಟ್ಟೆ, ಪಟ್ಟಿ ಬಿಡಲಿಲ್ಲ.

ಈಗ ನನ್ನ ಮದುವೆಯ ವಿಷಯ. ತಾರೀಖುಗಳೆಲ್ಲ ನನ್ನ ಬಳಿ ಇವೆ, ಆದರೆ ಇಲ್ಲಿ ಹಾಕುವುದಿಲ್ಲ. ಹೆಂಡತಿ ಓದುತ್ತಾಳೆ, ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದೆರಡು ದಿನ ಹೆಚ್ಚು ಕಡಿಮೆ ಇದೆ. ಆಗ ನಾನು ಹೊನ್ನಾಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನೂರು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಊರ ಹತ್ತಿರ ಹೋಗಬೇಕೆಂದು ಚನ್ನಗಿರಿಗೆ ವರ್ಗ ಕೇಳಿ ಮೂರು ಸಲ ಅರ್ಜಿ ಹಾಕಿದ್ದೆ, ಮೂರು ಸಲವೂ ಆಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಆದಷ್ಟೂ ಒಂದೇ ಕಡೆ ಹಾಕಿಕೊಡುವುದು ಕಚೇರಿಗಳಲ್ಲಿ ನಡೆದುಬಂದ ಕ್ರಮ. ಇದಕ್ಕೆ ನಮ್ಮಲ್ಲಿ ‘ಗಂಡ ಹೆಂಡತಿ ಕೇಸು’ ಎನ್ನುತ್ತಾರೆ. ಕೇಸಿನಲ್ಲಿ ಗಂಡನೇನೋ ನಾನು ಸಿದ್ಧನಿದ್ದೆ. ಹೀಗಿರುವಾಗ ಕತ್ತಲಗೆರೆಯ ನನ್ನ ಸೋದರಮಾವ ಒಂದು ಭಾನುವಾರ ಬಂದು, “ಹುಡುಗಿ ಟೀಚರು ಕಣೋ ಹಾಲೇಶ. ಸರ್ಕಾರಿ ಸ್ಕೂಲು, ಜಗಳೂರು ಕಡೆ. ಬಣ್ಣ ನಿನ್ನಂಗೇ ಐತೆ. ಮಾತು ನಿನ್ನಂಗಲ್ಲ, ಬಿಡಿಸಿ ಆಡ್ತಾಳೆ,” ಎಂದರು. ನಾನು ‘ಸರ್ಕಾರಿ ಸ್ಕೂಲು’ ಎನ್ನುವವರೆಗೆ ಕೇಳಿಸಿಕೊಂಡೆ. ಬಣ್ಣ, ಮಾತು ಎರಡನ್ನೂ ಆಮೇಲೆ ಮಾವನ ಹತ್ತಿರ ಇನ್ನೊಮ್ಮೆ ಕೇಳಿ ಬರೆದುಕೊಳ್ಳಬೇಕಾಯಿತು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗುವಾಗ ಮಾವ ನನಗೆ ಒಂದೇ ಒಂದು ಬುದ್ಧಿವಾದ ಹೇಳಿದರು. “ಹೋದ ಕೂಡ್ಲೇ ವರ್ಗದ ಮಾತು ತೆಗೀಬ್ಯಾಡ. ಅದನ್ನ ಆಮ್ಯಾಲೆ ನೋಡ್ಕಳನ. ಅವರವ್ವ ಬಸ್‌ಸ್ಟ್ಯಾಂಡ್ ಹತ್ರ ಮಂಡಕ್ಕಿ ಮೆಣಸಿನಕಾಯಿ ಮಾಡ್ತಾಳೆ. ಕೊಟ್ಟದ್ದು ತಿನ್ನು, ಚೆನ್ನಾಗೈತೆ ಅನ್ನು, ಬಾಯಿ ಮುಚ್ಕೊಂಡು ಕೂತ್ಕ.” ನಾನು ಹಾಗೆಯೇ ಮಾಡಿದೆ. ಮೆಣಸಿನಕಾಯಿ ಬಜ್ಜಿ ಆರು ತಿಂದೆ. ನಡುವೆ, ವಾಪಸು ಬಸ್ಸುಗಳ ವೇಳೆಯನ್ನು ಕೇಳಿ, ಜೇಬಿನ ಪುಟ್ಟ ಪುಸ್ತಕ ತೆಗೆದು, ತೊಡೆಯ ಮೇಲೆ ಇಟ್ಟುಕೊಂಡು, ಮೂರು ಗೆರೆ ಎಳೆದು, ಹೊರಡುವುದು, ತಲುಪುವುದು, ಷರಾ ಎಂದು ಬರೆದುಕೊಂಡೆ. ರತ್ನಮ್ಮ, ಅಂದರೆ ಹುಡುಗಿ, ಎದುರಿನ ಚಾಪೆಯ ಮೇಲೆ ಕೂತು ನನ್ನ ಮುಖಕ್ಕಿಂತ ಹೆಚ್ಚಾಗಿ ಆ ಪುಸ್ತಕವನ್ನೇ ನೋಡುತ್ತಿದ್ದಳು. ಅವಳ ತಾಯಿ ಮಾವನ ಕಡೆ ತಿರುಗಿ, “ನಿಮ್ಮ ಹುಡುಗ ಬಾಯಿಗಿಂತ ಪೆನ್ನೇ ಜಾಸ್ತಿ ಆಡಿಸ್ತಾನಲ್ರೀ,” ಎಂದರು. ಮಾವ, “ತಿನ್ನಾಗ ಬಾಯೂ ಆಡಿಸ್ತಾನೆ, ನೋಡಿದ್ರಲ್ಲ,” ಎಂದರು.

ಕೊನೆಗೆ, ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದಾಗ, ರತ್ನಮ್ಮ ಒಂದೇ ಪ್ರಶ್ನೆ ಕೇಳಿದಳು. “ನಿಮ್ಮ ಇಲಾಖೆಯಾಗೆ ವರ್ಗ ಸುಲಭವಾಗಿ ಆಗ್ತೈತೇನ್ರಿ?” ನಾನು, “ಪ್ರಯತ್ನಪಟ್ಟರೆ ಆಗುತ್ತದೆ,” ಎಂದೆ. ಅವಳು ನಕ್ಕಳು. ಅಂದಿನ ದಿನಚರಿಯಲ್ಲಿ ಹೀಗಿದೆ: ‘ಪ್ರಶ್ನೆ ಒಂದು. ನಗು ಒಂದು. ನಗು ಪ್ರಶ್ನೆಯ ನಂತರ.’ ಒಪ್ಪಿಗೆಯಾಯಿತು. ಅವಳ ಚಿಕ್ಕಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲವಾದ್ದರಿಂದ ಮದುವೆಯನ್ನು ಎಂಟು ತಿಂಗಳು ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಕಾಗದ ಬರೆದುಕೊಳ್ಳಲಿ ಎಂದು ಹಿರಿಯರು ಅಪ್ಪಣೆ ಕೊಟ್ಟರು. ಅನುಮಾನದ ಮನುಷ್ಯನ ಕೈಗೆ ಎಂಟು ತಿಂಗಳು ಮತ್ತು ಅಂಚೆ ಇಲಾಖೆ ಎರಡನ್ನೂ ಕೊಡಬಾರದಿತ್ತು.

ಮೊದಲ ಒಂದು ತಿಂಗಳು ಏನೂ ತೊಂದರೆಯಿರಲಿಲ್ಲ. ಆ ನಗು ಜ್ಞಾಪಕಕ್ಕೆ ಬಂದಾಗಲೆಲ್ಲ ಎಷ್ಟು ಸರಳವಾದ ಹುಡುಗಿ ಎಂದು ಸಂತೋಷವಾಗುತ್ತಿತ್ತು. ಚನ್ನಗಿರಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ ಎಂಬ ಸುದ್ದಿಯೂ ಆಗಲೇ ಬಂದಿತ್ತು. ಅದು ಬೇರೆ ವಿಷಯ. ಆಮೇಲೊಂದು ಮಂಗಳವಾರ, ಆ ಜಾಗಕ್ಕೆ ಶಿವಮೊಗ್ಗದ ಕಡೆಯವನೊಬ್ಬನಿಗೆ ಆರ್ಡರು ಆಯಿತು. ಅವತ್ತು ಸಾಯಂಕಾಲ ರೂಮಿಗೆ ಬಂದು, ಬೇರೆ ಕೆಲಸವಿಲ್ಲದೆ, ಹಳೆಯ ಪುಟ ತಿರುವಿ ಹಾಕಿದೆ. ‘ನಗು ಪ್ರಶ್ನೆಯ ನಂತರ’ ಎಂಬ ಸಾಲು ಕಣ್ಣಿಗೆ ಬಿತ್ತು. ಯಾವ ಪ್ರಶ್ನೆಯ ನಂತರ? ವರ್ಗದ ಪ್ರಶ್ನೆಯ ನಂತರ. ಈ ಹುಡುಗಿ ನನ್ನನ್ನು ಒಪ್ಪಿದ್ದು ಜಗಳೂರು ಬಿಟ್ಟು ಬರುವುದಕ್ಕೆ. ನನ್ನ ಮುಖದಲ್ಲಿ ಅವಳಿಗೆ ಕಂಡದ್ದು ಗಂಡನಲ್ಲ, ವರ್ಗಾವಣೆ ಆದೇಶ. ಜೀವಮಾನವೆಲ್ಲ ಒಬ್ಬಳು ನನ್ನನ್ನು ರಬ್ಬರ್ ಸ್ಟಾಂಪಿನ ಹಾಗೆ ನೋಡಿಕೊಂಡು ಇರುತ್ತಾಳೆಂದರೆ ಹೇಗೆ? ಮದುವೆ ಮುರಿಯುವ ಯೋಚನೆ ನನಗೆ ಮೊದಲು ಬಂದದ್ದು ಅವತ್ತೇ.

ಆದರೆ ಆಧಾರವಿಲ್ಲದೆ ಏನನ್ನೂ ಮಾಡುವವನಲ್ಲ ನಾನು. ಅವಳ ಕಾಗದಗಳನ್ನೆಲ್ಲ ಹೊರಗೆ ತೆಗೆದು ಒಂದು ಪಟ್ಟಿ ಮಾಡಿದೆ. ಮುಂದೆ ಬಂದವನ್ನೂ ಸೇರಿಸುತ್ತ ಹೋದೆ. ಕಾಗದ ಬಂದ ತಾರೀಖು ಮತ್ತು ಅವತ್ತು ದಿನಚರಿಯಲ್ಲಿ ನಾನು ಬರೆದ ಷರಾ ಒಂದು ಕಲಮು, ನನ್ನ ಆರೋಗ್ಯ ವಿಚಾರಿಸಿದ್ದು ಒಂದು, ತನ್ನ ಶಾಲೆಯ ಸುದ್ದಿ ಒಂದು, ಇತರೆ ಒಂದು, ಜಗಳೂರು ಬಿಡುವ ಉದ್ದೇಶ ಒಂದು. ಮೊದಮೊದಲು ಕೊನೆಯ ಕಲಮು ಖಾಲಿಯೇ ಉಳಿಯಿತು. ಓದುವುದರಲ್ಲಿ ಸ್ವಲ್ಪ ಎಚ್ಚರ ವಹಿಸಿದ ಮೇಲೆ ತುಂಬತೊಡಗಿತು. ‘ಇಲ್ಲಿ ಬಿಸಿಲು ಬಹಳ’ ಎಂದು ಬರೆದಿದ್ದಳು. ಅಂದರೆ ಬಿಡಬೇಕೆಂದಿದೆ. ‘ಬಸ್ಸು ಬರಲಿಲ್ಲ, ಶಾಲೆಗೆ ಮೂರು ಮೈಲಿ ನಡೆದೆ.’ ಬಿಡಬೇಕೆಂದಿದೆ. ‘ನಾನೊಬ್ಬಳೇ ಟೀಚರು, ನಾಲ್ಕು ತರಗತಿ, ಏಳು ರಿಜಿಸ್ಟರು, ಕೆಲಸ ಮುಗಿಯುವುದೇ ಇಲ್ಲ.’ ಸ್ಪಷ್ಟವಾಗಿದೆ. ‘ನಿಮ್ಮ ಅಕ್ಷರ ದುಂಡಗಿದೆ, ಸಾಲು ಎಷ್ಟು ನೆಟ್ಟಗೆ ಬರೆಯುತ್ತೀರಿ.’ ಇದು ಪೂಸಿ ಹೊಡೆಯುವುದು. ಬಿಡಬೇಕೆಂದಿರುವವರು ಹಾಗೆಯೇ ಬರೆಯುತ್ತಾರೆ. ಒಂದು ಕಾಗದದಲ್ಲಿ ಮಾತ್ರ, ‘ಶಾಲೆಯ ಹಿಂದೆ ಹುಡುಗರು ನೆಟ್ಟ ಬೇವಿನ ಗಿಡ ನನ್ನ ಎತ್ತರ ಬಂದಿದೆ, ನೋಡಿದರೆ ಖುಷಿಯಾಗುತ್ತದೆ,’ ಎಂದಿತ್ತು. ಇದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ‘ಇತರೆ’ಯಲ್ಲಿ ಹಾಕಿದೆ. ಹದಿಮೂರು ಕಾಗದಗಳಲ್ಲಿ ಹತ್ತೊಂಬತ್ತು ಕಡೆ ಬಿಡುವ ಉದ್ದೇಶ ಸಿಕ್ಕಿತು. ಆರೋಗ್ಯ ವಿಚಾರಿಸಿದ್ದು ಹದಿಮೂರಕ್ಕೆ ಹದಿಮೂರೂ ಇತ್ತು, ಆದರೆ ಅದು ವಾಡಿಕೆ ಎಂದು ಬಿಟ್ಟುಬಿಟ್ಟೆ.

ನಾನು ಬರೆದ ಕಾಗದಗಳ ಬಗ್ಗೆಯೂ ಹೇಳಬೇಕು. ನಾನು ಯಾವತ್ತೂ ಬಿಸಿಲು, ಗಿಡ ಎಂದೆಲ್ಲ ಬರೆಯಲಿಲ್ಲ. ನೇರವಾಗಿ ಅವಳ ಕ್ಷೇಮ, ನಂತರ ಅವಳ ನೇಮಕವಾದ ತಾರೀಖು, ನೌಕರಿ ಕಾಯಂ ಆಗಿದೆಯೋ ಇಲ್ಲವೋ, ಆಗಿದ್ದರೆ ಆದೇಶದ ಪ್ರತಿ ಕೈಯಲ್ಲಿದೆಯೋ ಇವಿಷ್ಟನ್ನು ಕೇಳುತ್ತಿದ್ದೆ. ಹೆಂಡತಿಯಾಗುವವಳ ಜೀವನದಲ್ಲಿ ಇಷ್ಟು ಆಸಕ್ತಿ ವಹಿಸುವ ವರ ಎಷ್ಟು ಜನರಿಗೆ ಸಿಗುತ್ತಾನೆ ಎಂದು ನನಗೇ ನನ್ನ ಬಗ್ಗೆ ಗೌರವ ಬಂದಿತ್ತು.

ಪಟ್ಟಿ ಸಿದ್ಧವಾದ ಮೇಲೆ ಒಬ್ಬರ ಸಲಹೆ ತೆಗೆದುಕೊಳ್ಳೋಣವೆಂದು ಖಲೀಲ್ ಸಾಹೇಬರಿಗೆ ತೋರಿಸಿದೆ. ಖಲೀಲ್ ಸಾಹೇಬರು ನಮ್ಮ ಕಚೇರಿಯ ಹಿರಿಯ ಗುಮಾಸ್ತರು. ವರ್ಗಾವಣೆಯ ಫೈಲುಗಳೆಲ್ಲ ಅವರ ಬೀರುವಿನಲ್ಲೇ ಇರುತ್ತಿದ್ದವು. ಎದುರಿನ ಹೋಟೆಲಿನಲ್ಲಿ ಟೀ ತರಿಸಿ, ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಒಮ್ಮೆ ಓದಿದರು. ಆಮೇಲೆ ಟೀ ಕುಡಿದರು. ಆಮೇಲೆ ಇನ್ನೊಮ್ಮೆ ಓದಿದರು.

“ಅಲ್ಲ ಹಾಲೇಶಪ್ಪ, ಹೆಣ್ಣಿನ ಮ್ಯಾಲೆ ಆಡಿಟ್ ಮಾಡಿದಂಗೈತಲ್ರೀ ಇದು.”

“ಸುಮ್ಮನೆ ಹೇಳ್ತಿಲ್ಲ ಸಾಹೇಬ್ರೇ, ಪ್ರತಿಯೊಂದಕ್ಕೂ ಕಾಗದದ ಆಧಾರ ಇದೆ.”

“ಆಧಾರ ಐತೆ, ಅಲ್ಲ ಅನ್ನಲ್ಲ. ಈ ಎರಡು ವಾರ ನೋಡ್ರಿ, ಹುಡುಗಿ ಒಳ್ಳೇಳು ಅಂತ ಷರಾ ಬರ್ದೀರಿ. ಚನ್ನಗಿರೀಲಿ ಜಾಗ ಖಾಲಿ ಅಂತ ನಾನು ನಿಮಗೆ ಹೇಳಿದ್ದು ಯಾವಾಗ?”

“ಅದೇ ಸುಮಾರಿಗೆ.”

“ಇಲ್ಲಿಂದ ಕೆಳಗೆ ಪೂರಾ ಮೋಸಗಾತಿ. ಆ ಜಾಗಕ್ಕೆ ಶಿವಮೊಗ್ಗದೋನು ಬಂದು ಕೂತಿದ್ದು ಯಾವಾಗ?”

ನಾನು ಟೀ ಲೋಟವನ್ನು ಆ ತಾರೀಖಿನ ಮೇಲೆ ಸರಿಸಿ ಇಟ್ಟೆ.

“ಮತ್ತೆ ಇಲ್ಲಿ ಒಂದು ಕಡೆ, ‘ಅಕ್ಷರ ತಿದ್ದಿ ಬರೆಯುತ್ತಾಳೆ, ಗುಣವಂತೆ’ ಅಂತ ಐತೆ. ಆ ಶಿವಮೊಗ್ಗದೋನು ಮೆಡಿಕಲ್ ರಜೆ ಹಾಕ್ದಾಗ ಬರ್ದಿದ್ದೇನು?”

“ಇರಬಹುದು.”

“ಆ ಯಮ್ಮ ಯಾಕೆ ಒಪ್ಕೊಂಡ್ಳು ಅಂತ ಹತ್ತೊಂಬತ್ತು ಕಡೆ ಬರ್ದೀರಿ. ನೀವ್ಯಾಕೆ ಒಪ್ಕೊಂಡ್ರಿ, ಅದೆಲ್ಲೈತೆ?”

“ಅದು ಬೇರೆ ವಿಷಯ ಸಾಹೇಬ್ರೇ.”

“ಹೂಂ. ಎಲ್ಲಾರ್ದೂ ಬೇರೆ ವಿಷಯನೇ,” ಎಂದು ಅವರು ಪಟ್ಟಿಯನ್ನು ಮಡಚಿ ನನ್ನ ಜೇಬಿಗೆ ತಾವೇ ಇಟ್ಟರು.

ಮರ್ಯಾದಸ್ಥರು, ನಮ್ಮ ಮಾವನ ವಯಸ್ಸಿನವರು, ಎದುರಾಡಲಿಲ್ಲ. ಆದರೆ ಅವರಿಗೆ ವಿಷಯ ಅರ್ಥವಾಗಿಲ್ಲ ಎನ್ನಿಸಿತು. ಹುಡುಗಿಗೆ ಪರೀಕ್ಷೆಯೊಂದನ್ನು ಇಟ್ಟುಬಿಡುವುದೇ ಸರಿ ಎಂದು ತೀರ್ಮಾನಿಸಿದೆ. ಪರೀಕ್ಷೆ ಬಹಳ ಸುಲಭದ್ದು. ‘ನಾನೇ ಜಗಳೂರಿಗೆ ವರ್ಗ ಮಾಡಿಸಿಕೊಂಡು ಬರುತ್ತೇನೆ’ ಎಂದು ಬರೆಯುವುದು. ನನ್ನನ್ನೇ ಬಯಸಿದವಳಾದರೆ ಸಂತೋಷಪಡುತ್ತಾಳೆ. ಊರು ಬಿಡುವುದಕ್ಕೆ ಒಪ್ಪಿದವಳಾದರೆ, ನಿಮಗೆ ಯಾಕೆ ಇಲ್ಲಿನ ತೊಂದರೆ, ಬಿಸಿಲು, ಧೂಳು ಎಂದು ಏನಾದರೂ ನೆವ ಹೇಳುತ್ತಾಳೆ. ಬರೀ ಬಾಯಿಮಾತಾದರೆ ನಂಬಲಿಕ್ಕಿಲ್ಲವೆಂದು ನಿಜವಾಗಿಯೇ ಒಂದು ಅರ್ಜಿ ಬರೆದೆ. ‘ಸ್ವಂತ ಕೋರಿಕೆಯ ಮೇರೆಗೆ ಜಗಳೂರಿಗೆ ವರ್ಗಾಯಿಸಬೇಕೆಂದು’ ವಿನಂತಿಸಿ, ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿ, ಅದರ ನಕಲನ್ನು ಕಾಗದದೊಂದಿಗೆ ಅವಳಿಗೆ ಕಳಿಸಿದೆ. ಅರ್ಜಿ ಕೊಟ್ಟರೆ ಆಗಿಬಿಡುತ್ತದೆಂಬ ಹೆದರಿಕೆ ನನಗಿರಲಿಲ್ಲ. ಮೂರು ಅರ್ಜಿಗಳ ಅನುಭವವಿತ್ತು. ನಮ್ಮ ಇಲಾಖೆಯಲ್ಲಿ ವರ್ಗದ ಅರ್ಜಿ ಆಗುವುದೇ ಇಲ್ಲ ಎಂಬುದು ನನ್ನ ದಿನಚರಿಯಲ್ಲಿ ನೂರಕ್ಕೆ ನೂರು ಸಾಬೀತಾದ ಸಂಗತಿ.

ನಾನು ಗಮನಿಸದೆ ಹೋದದ್ದು ಇಷ್ಟೇ. ಆ ಮೂರೂ ಅರ್ಜಿಗಳು ಎಲ್ಲರೂ ಕೇಳುವ ಊರಿಗೆ ಹಾಕಿದಂಥವು. ಜಗಳೂರಿಗೆ ಹಾಕಿ ಎಂದು ತಾನಾಗಿ ಕೇಳಿದವನನ್ನು ಮೇಲಿನ ಕಚೇರಿಯವರು ಕಂಡೇ ಇರಲಿಲ್ಲವಂತೆ. ಅಲ್ಲಿ ಒಬ್ಬಾತ ಒಂಬತ್ತು ವರ್ಷದಿಂದ ಹೊನ್ನಾಳಿ ಕಡೆಗೆ ಕೊಡಿ ಎಂದು ಕೇಳುತ್ತಲೇ ಇದ್ದನಂತೆ. ಇಪ್ಪತ್ತೆರಡನೆಯ ದಿನ, ಸೋಮವಾರ, ಆತನನ್ನು ನನ್ನ ಕುರ್ಚಿಗೂ ನನ್ನನ್ನು ಆತನ ಕುರ್ಚಿಗೂ ಹಾಕಿ ಆರ್ಡರು ಬಂತು. ಮಂಗಳವಾರ ಬೆಳಿಗ್ಗೆ ಆತನೇ ಬೆಣ್ಣೆ ಬಿಸ್ಕತ್ತಿನ ಪೊಟ್ಟಣದೊಂದಿಗೆ ಬಂದಿಳಿದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. “ನಿಮ್ಮಂಥೋರು ಇರಬೇಕ್ರೀ. ಅಲ್ಲ, ಬೇಜಾರು ಮಾಡ್ಕಬ್ಯಾಡ್ರಿ, ಏನಾದ್ರೂ ತಪ್ಪು ಮಾಡಿ ಶಿಕ್ಷೆ ಗಿಕ್ಷೆ ಆಗಿ ಹೊಂಟಿದ್ದೀರೋ?” ಎಂದು ಕೇಳಿದ. ಸ್ವಂತ ಕೋರಿಕೆ ಎಂದೆ. ಆತ ಇನ್ನೊಂದು ಬಿಸ್ಕತ್ತು ಕೊಟ್ಟ.

ಖಲೀಲ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. “ಮುಂದಿನ ಸೋಮವಾರದೊಳಗೆ ರದ್ದು ಮಾಡ್ರಿ ಅಂತ ಒಂದು ಅರ್ಜಿ ಕೊಟ್ರೆ ನಿಂತು ಹೋಗ್ತೈತೆ. ನಾನೇ ಬರ್ಕೊಡ್ತೀನಿ, ನೀವು ಸೈನು ಹಾಕ್ರಿ ಸಾಕು. ಜಗಳೂರಿಗೆ ಹೋದ್ರಿ ಅಂದ್ರೆ ಚನ್ನಗಿರಿ ಆಸೆ ಬಿಟ್ಟಂಗೇ ತಿಳ್ಕರಿ. ಜಿಲ್ಲೆನೇ ಬೇರೆ,” ಎಂದರು. ಆಗ ನಮ್ಮ ಹೊನ್ನಾಳಿ ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ನೋಡುತ್ತೇನೆ ಎಂದೆ. ಅದಕ್ಕೆ ಮೊದಲೇ, ಮರುಟಪಾಲಿಗೇ, ರತ್ನಮ್ಮನಿಂದ ಒಂದು ಕಾರ್ಡು ಬಂದಿತ್ತು. ಅರ್ಜಿ ಹಾಕಿದ ಸುದ್ದಿಗೆ ಉತ್ತರ. ಒಂದೇ ಸಾಲು: ‘ಬಹಳ ಸಂತೋಷವಾಯಿತು, ಬೇಗ ಬನ್ನಿ.’ ಅಂದರೆ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಆದರೆ ಇಷ್ಟು ಚಿಕ್ಕ ಉತ್ತರ, ಇಷ್ಟು ಬೇಗ? ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದವರು ಮಾತ್ರ ಹೀಗೆ ಬರೆಯುತ್ತಾರೆ. ಮದುವೆಯಾಗುವುದೋ ಬಿಡುವುದೋ ಎಂದು ಅವಳನ್ನೇ ಮುಖತಃ ಕೇಳಿ ತೀರ್ಮಾನಿಸೋಣವೆಂದು ಭಾನುವಾರ ಬಸ್ಸು ಹತ್ತಿದೆ. ಪಟ್ಟಿ ಜೇಬಿನಲ್ಲಿತ್ತು.

ನಾನು ಹೋದಾಗ ಅವಳು ನಡುಮನೆಯಲ್ಲಿ ಚಾಪೆಯ ಮೇಲೆ ಏಳೂ ರಿಜಿಸ್ಟರುಗಳನ್ನು ಸುತ್ತ ಹರಡಿಕೊಂಡು ಕೂತಿದ್ದಳು. ತಾಯಿ ಬಾಣಲೆ ತೊಳೆಯುತ್ತಿದ್ದವರು, “ಬರ್ರಿ, ಬರ್ರಿ. ಪೆನ್ನು ತಂದೀರೇನು?” ಎಂದು ಕೇಳಿ, ಮಂಡಕ್ಕಿ ಕಲಸಲು ಒಳಗೆ ಹೋದರು. ಇಷ್ಟು ಹೊತ್ತು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಪೀಠಿಕೆ ಮರೆತುಹೋಯಿತು.

“ಒಂದು ಮಾತು ಕೇಳಬೇಕಿತ್ತು. ನೀವು ನನ್ನನ್ನ ಯಾಕೆ ಒಪ್ಪಿದ್ರಿ?”

ಅವಳು ಪೆನ್ನಿನ ಕ್ಯಾಪು ಹಾಕಿದಳು. “ನಿಜ ಹೇಳ್ಲೇನ್ರಿ? ಬೇಜಾರಾಗಬಾರ್ದು.”

“ಇಲ್ಲ, ಹೇಳಿ.”

“ನಿಮಗಿಂತ ಮುಂಚೆ ಮೂರು ಜನ ಬಂದು ನೋಡ್ಕೊಂಡು ಹೋಗಿದ್ರು. ಮೂರೂ ಜನ ಕುಂತ ಕೂಡ್ಲೆ ಕೇಳಿದ್ದು ಒಂದೇ. ನಿಮಗೆ ನಮ್ಮ ಕಡೆಗೆ ವರ್ಗ ಯಾವಾಗ ಆಗ್ತೈತೆ ಅಂತ. ನಮಗೆ ಜಿಲ್ಲೆ ದಾಟಿದ್ರೆ ಸೀನಿಯಾರಿಟಿ ಹೋಗ್ತೈತ್ರೀ, ಇವತ್ತು ಸೇರಿದೋರಿಗಿಂತ ಹಿಂದಕ್ಕೆ ಹಾಕ್ತಾರೆ. ಅವ್ವನ್ನ ಬಿಟ್ಟು ಹೋಗಾಕೂ ನನಗಾಗಲ್ಲ. ನೀವೊಬ್ರೇ ವರ್ಗದ ಮಾತು ಎತ್ಲಿಲ್ಲ. ನಾನಾಗೇ ಕೇಳಿದ್ರೂ, ಪ್ರಯತ್ನಪಟ್ಟರೆ ಆಗುತ್ತೆ ಅಂದ್ರಿ. ಇವರು ಬರೋ ಮನುಷ್ಯರು ಅಂದ್ಕೊಂಡೆ.”

ವರ್ಗದ ಮಾತು ಎತ್ತದೆ ಬಾಯಿ ಮುಚ್ಚಿಕೊಂಡು ಕೂರು ಎಂದು ಬಸ್ಸಿನಲ್ಲಿ ಹೇಳಿಕೊಟ್ಟ ಮಾವನನ್ನು ನೆನೆದು ನಾನು ಗಂಟಲು ಸರಿಮಾಡಿಕೊಂಡೆ.

“ಅಷ್ಟೇನಾ?”

“ಇನ್ನೊಂದೈತೆ,” ಎಂದು ಅವಳು ನಕ್ಕಳು. “ನೀವು ಬಸ್ ಟೈಮು ಬರ್ಕೊಳ್ಳಾಗ ತೊಡೆ ಮ್ಯಾಲೆ ಇಟ್ಕೊಂಡು, ಸ್ಕೇಲಿಲ್ಲದೆ ಮೂರು ಗೆರೆ ಎಳೆದ್ರಿ. ಮೂರೂ ನೆಟ್ಟಗಿದ್ವು. ಇಲ್ಲಿ ನೋಡ್ರಿ, ಹಾಜರಿ ಬ್ಯಾರೆ, ದಾಖಲಾತಿ ಬ್ಯಾರೆ, ಮಕ್ಕಳ ಗಣತಿ ಬ್ಯಾರೆ. ತಿಂಗಳ ತಖ್ತೆ ಒಂದು ಸಲಾನೂ ತಾಳೆ ಆಗಲ್ಲ. ಮೂರು ಮೆಮೋ ಬಂದಾವೆ. ಇಂಥ ಮನುಷ್ಯ ಮನೇಲಿದ್ರೆ ಎಷ್ಟು ಅನುಕೂಲ ಅನ್ನಿಸ್ತು.”

ನನ್ನನ್ನು ವರ್ಗಕ್ಕಾಗಿ ಒಪ್ಪಿದ್ದರೆ ಎಷ್ಟೋ ಗೌರವವಿತ್ತು ಎಂದು ಆ ಕ್ಷಣ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ವರ್ಗಾವಣೆ ಆದೇಶದಲ್ಲಿ ಕನಿಷ್ಠ ಪಕ್ಷ ರಾಜ್ಯಪಾಲರ ಹೆಸರಿನಲ್ಲಿ ಎಂದಿರುತ್ತದೆ. ಇದು ಬರೀ ಅಡಿಕೋಲು. ನನ್ನ ಹತ್ತೊಂಬತ್ತು ಆಧಾರಗಳು ಜೇಬಿನಲ್ಲಿ ತಣ್ಣಗೆ ಕೂತಿದ್ದವು. ಅವುಗಳಲ್ಲಿ ಒಂದಾದರೂ, ಅವಳ ಉದ್ದೇಶದ ಹತ್ತಿರಕ್ಕೆ ಕೂಡ ಸುಳಿದಿರಲಿಲ್ಲ. ಸುಳಿದದ್ದೆಲ್ಲ ನನ್ನದರ ಹತ್ತಿರ.

“ಈಗ ನೀವು ಹೇಳ್ರಿ,” ಎಂದಳು. “ನೀವ್ಯಾಕೆ ಒಪ್ಪಿದ್ರಿ?”

ಒಳಗೆ ಮಂಡಕ್ಕಿಗೆ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ತಾಯಿಯೂ ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ನಿಮ್ಮ ಗುಣ, ನಿಮ್ಮ ಸರಳತೆ ಎಂದೇನೋ ಹೇಳಲು ಬಾಯಿ ತೆರೆದೆ. ಅವಳು ಅಷ್ಟು ನೇರವಾಗಿ ಹೇಳಿದ ಮೇಲೆ ಸುಳ್ಳು ಹ್ಯಾಗೆ ಹೇಳುವುದು? ಚನ್ನಗಿರಿಯ ವಿಷಯ ಎಲ್ಲವನ್ನೂ, ಗಂಡ ಹೆಂಡತಿ ಕೇಸನ್ನೂ ಸೇರಿಸಿ, ಹೇಳಿಬಿಟ್ಟೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ಹಾಜರಿ ಪುಸ್ತಕದ ಒಂದು ಪುಟ ನೋಡುತ್ತಿದ್ದೆ. ಅದರಲ್ಲಿ ಕೂಡಿಕೆ ಎರಡು ಕಡೆ ತಪ್ಪಿತ್ತು.

“ಗೊತ್ತಿತ್ತು,” ಎಂದಳು. “ಮೊದ್ಲು ಗೊತ್ತಿರ್ಲಿಲ್ಲ. ನಿಮ್ಮ ಕಾಗದ ಬರಾಕೆ ಶುರುವಾದ ಮ್ಯಾಲೆ ಗೊತ್ತಾತು. ಎಲ್ಲದ್ರಾಗೂ ನೇಮಕದ ತಾರೀಖು, ಕಾಯಂ ಆರ್ಡರು. ಇವರೂ ನಾಕನೇಯೋರು ಅಷ್ಟೇ ಅಂದ್ಕೊಂಡು, ಬ್ಯಾಡ ಅಂತ ನಿಮ್ಮ ಮಾವನಿಗೆ ಬರೆಯೋಳಿದ್ದೆ. ಇನ್‌ಲ್ಯಾಂಡ್ ತಂದಿಟ್ಟಿದ್ದೆ. ಅವತ್ತೇ ಸಾಯಂಕಾಲ ಇದು ಬಂತು.”

ತಗಡಿನ ಪೆಟ್ಟಿಗೆಯಿಂದ ಅವಳು ಒಂದು ಹಾಳೆ ತೆಗೆದಳು. ಜಗಳೂರಿಗೆ ಹಾಕಿದ ನನ್ನ ಅರ್ಜಿಯ ನಕಲು. ಸ್ವೀಕೃತಿಯ ಸೀಲು ಮೇಲಕ್ಕೆ ಬರುವ ಹಾಗೆ ಮಡಚಿಟ್ಟಿದ್ದಳು; ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೆ ಇತ್ತು. “ನನಗೋಸ್ಕರ ಒಬ್ರು ಈ ಊರಿಗೆ ಬರ್ತೀನಿ ಅಂತ ಸರ್ಕಾರಕ್ಕೇ ಬರ್ಕೊಟ್ಟಾರಲ್ಲ, ಏನೋ ಒಂದು ಆಸೆ ಇಟ್ಕೊಂಡು ಒಪ್ಪಿದ್ರೂ ಆಮ್ಯಾಲೆ ಮನಸ್ಸು ಬದಲಾಗೈತೆ ಅಂತ ತಿಳ್ಕೊಂಡೆ. ಇನ್‌ಲ್ಯಾಂಡ್ ಹರಿದು ಹಾಕ್ದೆ.”

ಅದು ಪರೀಕ್ಷೆ ಎಂದು ಹೇಳಬೇಕಾದ ಜಾಗ ಅದೇ ಆಗಿತ್ತು. ತಾಯಿ ಮಂಡಕ್ಕಿ ತಂದಿಟ್ಟರು. ನಾನು ಹಾಜರಿ ಪುಸ್ತಕವನ್ನು ಎಳೆದುಕೊಂಡು, “ಇಲ್ಲಿ ನೋಡಿ, ಕೂಡಿಕೆ ತಪ್ಪಿದೆ,” ಎಂದೆ. ಸಾಯಂಕಾಲದ ಬಸ್ಸಿನ ಹೊತ್ತಿಗೆ ಮೂರು ರಿಜಿಸ್ಟರು ತಾಳೆಯಾದವು.

ಮದುವೆಯಾಯಿತು. ಜಗಳೂರಿಗೆ ಬಂದು ಕೆಲಸಕ್ಕೆ ಸೇರಿ ಈಗ ಎರಡು ವರ್ಷ. ಅವಳ ಶಾಲೆಗೆ ಆಮೇಲೆ ಒಂದು ಮೆಮೋ ಕೂಡ ಬಂದಿಲ್ಲ. ನನ್ನ ಭಾನುವಾರಗಳೆಲ್ಲ ಎಲ್ಲಿ ಹೋದವೆಂದು ಬೇರೆ ಹೇಳಬೇಕಿಲ್ಲ. ಅವಳು ಒಳ್ಳೆಯ ಮಾತನಾಡಿದಾಗಲೆಲ್ಲ ತಿಂಗಳ ಕೊನೆಯ ವಾರವೋ ಎಂದು ಕ್ಯಾಲೆಂಡರ್ ನೋಡುವ ಅಭ್ಯಾಸ ನನಗಿದೆ. ಆದರೆ ಅರ್ಜಿಯ ಗುಟ್ಟು ಮಾತ್ರ ಎರಡು ವರ್ಷದಿಂದ ಒಳಗೇ ಕೊರೆಯುತ್ತಿತ್ತು. ಎದುರು ನಿಂತು ಹೇಳುವ ಧೈರ್ಯವಿಲ್ಲದೆ, ಪ್ರಬಂಧವಾಗಿ ಬರೆದು, ಮೊನ್ನೆ ಅವಳ ಕೈಗೆ ಕೊಟ್ಟು, ಪೇಟೆಗೆ ಹೋಗಿಬರುತ್ತೇನೆಂದು ಹೊರಟು, ಬೇಕಿಲ್ಲದ ಎರಡು ಸಾಮಾನು ತಂದೆ. ವಾಪಸು ಬಂದಾಗ ಓದಿ ಮುಗಿಸಿ ಕೂತಿದ್ದಳು. ಸಿಟ್ಟು ಇದ್ದಂತೆ ಕಾಣಲಿಲ್ಲ. ಅದೇ ನನಗೆ ಅನುಮಾನಕ್ಕೆ ಕಾರಣವಾಯಿತು.

“ಪರೀಕ್ಷೆ ಮಾಡಿದ್ದು ಅಂತ ಬರ್ದೀರಿ. ಇರ್ಲಿ, ಓದಿದೋರು ನಗ್ತಾರೆ. ಒಂದು ನನಗೆ ತಿಳೀಲಿಲ್ಲ. ಸೋಮವಾರ ಆರ್ಡರು ಬಂತು. ನೀವು ನಮ್ಮನೆಗೆ ಬಂದಿದ್ದು ಭಾನುವಾರ. ನಡುವೆ ಪೂರಾ ಒಂದು ವಾರ ಇತ್ತು. ಖಲೀಲ್ ಸಾಹೇಬ್ರು ರದ್ದು ಅರ್ಜಿ ನಾನೇ ಬರ್ಕೊಡ್ತೀನಿ ಅಂದಿದ್ರು ಅಂತ ನೀವೇ ಬರ್ದೀರಿ. ನನ್ನ ಮ್ಯಾಲೆ ಅಷ್ಟು ಅನುಮಾನ ಇದ್ದೋರು ಸೈನು ಯಾಕೆ ಹಾಕ್ಲಿಲ್ಲ?”

ದಿನಚರಿ ತೆಗೆದು ಆ ವಾರದ ಪುಟ ನೋಡಿದೆ. ಆರೂ ದಿನ ಬಸ್ಸು, ಕಚೇರಿ, ಖಲೀಲ್ ಸಾಹೇಬರ ಜೊತೆ ಟೀ, ಊಟ, ಎಲ್ಲ ಕ್ರಮವಾಗಿ ಬರೆದಿದೆ. ಖಲೀಲ್ ಸಾಹೇಬರು ಹೇಳಿದ್ದಕ್ಕೆ ಎದುರು ಷರಾದಲ್ಲಿ ಏನೂ ಇಲ್ಲ.

“ಖಲೀಲ್ ಸಾಹೇಬರು ಆ ವಾರ ರಜೆಯಲ್ಲಿದ್ದರು,” ಎಂದೆ.

ಅವಳು ದಿನಚರಿಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಪುಟ ಓದಿ, ಮುಚ್ಚಿದಳು. “ಆಗ್ಲಿ, ಹಂಗೇ ಬರೀರಿ,” ಎಂದಳು.

ಖಲೀಲ್ ಸಾಹೇಬರು ಆ ವಾರ ರಜೆಯಲ್ಲಿದ್ದರು.